ಹುಳಿ ಇರುವುದು, ಹುಳಿ ಬರುವುದು: ಲೈಟ್ ರೋಸ್ಟ್ ಕಾಫಿಯ ರುಚಿನಿರ್ಣಯ ಮತ್ತು ಕನ್ನಡದ ವಿಧೇಯ ರಚನೆಗಳು

1. ಸಮಸ್ಯೆಯ ನೆಲೆ

‘ಈ ಕಾಫಿ ಹುಳಿಯಾಗಿದೆ’ ಎಂದು ಕೇಳಿದ ಕನ್ನಡ ಭಾಷಿಕರ ಅನುಮಾನ ಮೊದಲು ಹೋಗುವುದು ಹಾಲಿನ ಕಡೆಗೆ. ಹಾಲು ಕೆಟ್ಟಿರಬೇಕು, ಇಲ್ಲವೇ ಡಿಕಾಕ್ಷನ್ ನಿನ್ನೆಯದಾಗಿರಬೇಕು. ಹುಳಿಯು ಬೀಜದಲ್ಲಿಯೇ ಇರಬಹುದು, ಅದು ಬೆಳೆಗಾರರು ಹೆಮ್ಮೆಪಡಬಹುದಾದ ಗುಣವಾಗಿರಬಹುದು ಎಂಬ ಅರ್ಥ ಆ ವಾಕ್ಯದಿಂದ ಸಾಮಾನ್ಯವಾಗಿ ಹೊರಡುವುದಿಲ್ಲ. ಆದರೆ ಲೈಟ್ ರೋಸ್ಟ್ ಮಾಡಿದ ಸ್ಪೆಷಾಲ್ಟಿ ಕಾಫಿಯನ್ನು ಪರೀಕ್ಷಿಸುವವರು ಬಹಳ ಎಚ್ಚರದಿಂದ ಹುಡುಕುವ ಗುಣಗಳಲ್ಲಿ ಇದೂ ಒಂದು. ಅವರು ಅದನ್ನು ಇಂಗ್ಲಿಷಿನಲ್ಲಿ ‘ಆಸಿಡಿಟಿ’ ಎಂದು ಕರೆಯುತ್ತಾರೆ. ಕೆಟ್ಟ ಹುಳಿಯನ್ನು ‘ಸವರ್’ ಎನ್ನುತ್ತಾರೆ. ಕನ್ನಡದಲ್ಲಿ ಎರಡಕ್ಕೂ ಇರುವುದು ಒಂದೇ ನಾಮಪದ.

ಇದು ಕೇವಲ ಅನುವಾದಕರ ತೊಡಕಲ್ಲ. ಭಾರತದ ಕಾಫಿಯಲ್ಲಿ ಸುಮಾರು ಶೇಕಡ 70ರಷ್ಟು ಕರ್ನಾಟಕದಲ್ಲಿ ಬೆಳೆಯುತ್ತದೆ. 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಐದು ಕಾಫಿಗಳಲ್ಲಿ ಮೂರು, ಅಂದರೆ ಕೊಡಗು, ಚಿಕ್ಕಮಗಳೂರು ಮತ್ತು ಬಾಬಾಬುಡನ್‌ಗಿರಿಯ ಅರೇಬಿಕಾಗಳು, ಇಲ್ಲಿಯವು. ಈ ಕಾಫಿಯ ಬೆಲೆಯನ್ನು ಏರಿಸುವ ಅಥವಾ ಇಳಿಸುವ ರುಚಿವರದಿಯ ಭಾಷೆ ಇಂಗ್ಲಿಷ್; ಕೊಯ್ಲು, ಪಲ್ಪಿಂಗ್, ಒಣಗಿಸುವಿಕೆಗಳು ನಡೆಯುವ ಕಣದ ಭಾಷೆಗಳು ಕನ್ನಡ, ತುಳು, ಕೊಡವ ಮತ್ತು ಇತರ ನೆರೆನುಡಿಗಳು. ವರದಿಯ ಒಂದು ಪದವನ್ನು ಕಣದಲ್ಲಿ ತಪ್ಪಾಗಿ ಅರ್ಥಮಾಡಿಕೊಂಡರೆ ಮುಂದಿನ ಹಂಗಾಮಿನಲ್ಲಿ ಸರಿಯಾಗಿದ್ದುದನ್ನು ತಿದ್ದಿ, ತಿದ್ದಬೇಕಾದುದನ್ನು ಹಾಗೆಯೇ ಬಿಡುವ ಸಾಧ್ಯತೆ ಉಂಟು. ‘ಆಸಿಡಿಟಿ’ ಮತ್ತು ‘ಸವರ್’ಗಳ ನಡುವಿನ ಭೇದವನ್ನು ಕನ್ನಡವು ತನ್ನ ಪದಕೋಶದಲ್ಲಲ್ಲ, ವಾಕ್ಯರಚನೆಯಲ್ಲಿ ಇಟ್ಟುಕೊಂಡಿದೆ ಎಂಬುದು ಈ ಲೇಖನದ ವಾದ. ಹೊಸ ನಾಮಪದಗಳನ್ನು ಟಂಕಿಸಲು ಹೊರಟವರು ಗಮನಿಸದೆ ಬಿಟ್ಟಿರುವುದು ಇದನ್ನೇ.

2. ಬಟ್ಟಲಿನಲ್ಲಿ ಏನಿದೆ

ಕಪ್ಪಿಂಗ್ ಎಂಬ ಪರೀಕ್ಷಾಕ್ರಮವನ್ನು ಅರಿಯದ ಓದುಗರಿಗಾಗಿ ಕೆಲವು ಮಾತು. ಸ್ಪೆಷಾಲ್ಟಿ ಕಾಫಿ ಅಸೋಸಿಯೇಷನ್ ರೂಢಿಸಿರುವ ವಿಧಾನದಲ್ಲಿ 150 ಮಿಲಿಲೀಟರ್ ನೀರಿಗೆ 8.25 ಗ್ರಾಂ ಪುಡಿಯ ಪ್ರಮಾಣದಂತೆ ಒಂದು ಮಾದರಿಗೆ ಐದು ಬಟ್ಟಲುಗಳನ್ನು ಸಿದ್ಧಪಡಿಸುತ್ತಾರೆ. ಒಣಪುಡಿಯ ಘಮವನ್ನು ಮೊದಲು ಮೂಸಿ, ಅನಂತರ ಸುಮಾರು 93 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರನ್ನು ನೇರವಾಗಿ ಪುಡಿಯ ಮೇಲೆ ಸುರಿಯುತ್ತಾರೆ. ನಾಲ್ಕು ನಿಮಿಷದ ಹೊತ್ತಿಗೆ ಮೇಲೆ ಕಟ್ಟಿದ ಕೆನೆಯನ್ನು ಚಮಚದಿಂದ ಒಡೆದು ಏಳುವ ಆವಿಯನ್ನು ಮೂಸುತ್ತಾರೆ. ಬಿಸಿ ಇಳಿದ ಮೇಲೆ ಚಮಚದಿಂದ ಜೋರಾಗಿ ಸದ್ದಾಗುವಂತೆ ಸೊರ್ರನೆ ಹೀರುತ್ತಾರೆ. (ಊಟದ ಪಂಕ್ತಿಯಲ್ಲಿ ಅಸಭ್ಯವೆನಿಸುವ ಆ ಸದ್ದು ಇಲ್ಲಿ ವೃತ್ತಿಪರತೆಯ ಲಕ್ಷಣ, ದ್ರವವನ್ನು ಅಂಗುಳಿನ ಹಿಂಬದಿಗೆ ಸಿಂಪಡಿಸಿ ಘ್ರಾಣಕ್ಕೆ ಮುಟ್ಟಿಸುವುದು ಅದರ ಉದ್ದೇಶ.) ಹುಳಿಯನ್ನು ಅಳೆಯುವುದು ಪಾನೀಯವು ಸುಮಾರು 70ರಿಂದ 60 ಡಿಗ್ರಿಗೆ ತಣಿಯುವಾಗ. 2004ರಿಂದ ಬಳಕೆಗೆ ಬಂದ ನಮೂನೆಯಲ್ಲಿ ಹತ್ತು ಅಂಶಗಳಿದ್ದು, ಒಟ್ಟು 100ರಲ್ಲಿ 80 ಅಥವಾ ಹೆಚ್ಚು ಅಂಕ ಪಡೆದುದು ಸ್ಪೆಷಾಲ್ಟಿ ಎನಿಸುತ್ತದೆ.

ಹುರಿಯುವ ಹದವು ಇಲ್ಲಿ ನಿರ್ಣಾಯಕ. ಬೀಜವು ಮೊದಲ ಬಾರಿಗೆ ಚಟಪಟನೆ ಸಿಡಿದ ಸ್ವಲ್ಪ ಹೊತ್ತಿಗೇ ಉರಿಯಿಂದ ಇಳಿಸಿದರೆ ಹಣ್ಣಿನಿಂದ ಬಂದ ಸಿಟ್ರಿಕ್ ಮತ್ತು ಮ್ಯಾಲಿಕ್ ಆಮ್ಲಗಳ ಬಹುಪಾಲು ಉಳಿಯುತ್ತದೆ. ಹುರಿ ಮುಂದುವರಿದಂತೆ ಅವು ಕ್ಷಯಿಸುತ್ತವೆ. ಕ್ಲೋರೊಜೆನಿಕ್ ಆಮ್ಲಗಳು ಒಡೆದು ಕಹಿ ಕೊಡುವ ಸಂಯುಕ್ತಗಳಾಗುತ್ತವೆ. ನಮ್ಮ ಫಿಲ್ಟರ್ ಕಾಫಿಯ ಪರಂಪರೆ ಬೆಳೆದದ್ದು ಈ ಎರಡನೆಯ ದಾರಿಯಲ್ಲಿ. ಗಾಢವಾಗಿ ಹುರಿದ ಬೀಜ, ಚಿಕೋರಿ, ಹಾಲು, ಸಕ್ಕರೆ: ನಾಲ್ಕೂ ಸೇರಿ ಹುಳಿಯನ್ನು ಅಳಿಸುತ್ತವೆ ಅಥವಾ ಮುಚ್ಚುತ್ತವೆ. ಆದುದರಿಂದ ಕನ್ನಡದ ಕಾಫಿಮಾತು ಕಹಿ, ಗಟ್ಟಿ, ಸ್ಟ್ರಾಂಗ್, ನೀರುನೀರು, ಸೀದ ವಾಸನೆ ಎಂಬ ಪದಗಳ ಸುತ್ತ ರೂಪುಗೊಂಡಿತು. ಹುಳಿಗೆ ಅಲ್ಲಿ ದೋಷದ ಜಾಗವಲ್ಲದೆ ಬೇರೆ ಜಾಗ ಸಿಗಲಿಲ್ಲ. ಕಾಫಿಯನ್ನು ಬೆಳೆದ ನೆಲದಲ್ಲಿಯೇ ಕಾಫಿಹಣ್ಣಿನ ಹುಳಿಯನ್ನು ಹೊಗಳುವ ಮಾತು ಇಲ್ಲದಿರುವುದಕ್ಕೆ ಕಾರಣ ಭಾಷೆಯ ಬಡತನವಲ್ಲ, ಬಾಣಲೆಯ ಉರಿ.

3. ಎರಡು ನಾಮಪದಗಳು ಮತ್ತು ಒಂದು ಹೊಟ್ಟೆಯುರಿ

ಇಂಗ್ಲಿಷಿನಲ್ಲಿಯೂ ಈ ಭೇದ ಸಹಜವಾದುದಲ್ಲ, ವೃತ್ತಿಯವರು ಕಟ್ಟಿಕೊಂಡದ್ದು. ಲ್ಯಾಟಿನ್ ಮೂಲದ ಪದವನ್ನು ಗುಣಕ್ಕೂ ಜರ್ಮ್ಯಾನಿಕ್ ಮೂಲದ ಪದವನ್ನು ದೋಷಕ್ಕೂ ಹಂಚಿದ್ದಾರೆ. ಸಾಮಾನ್ಯ ಇಂಗ್ಲಿಷ್ ಭಾಷಿಕರು ಹುಳಿಯ ದ್ರಾವಣವನ್ನು ರುಚಿ ನೋಡಿ ‘ಕಹಿ’ ಎನ್ನುವುದುಂಟೆಂದು ಓ’ಮಹೋನಿ ಮತ್ತು ಸಂಗಡಿಗರು 1979ರಷ್ಟು ಹಿಂದೆಯೇ ತೋರಿಸಿದ್ದರು. ಅಂದರೆ ಆ ಭಾಷೆಯಲ್ಲಿ ಹುಳಿಯ ಪದಗಳಿಗೆ ನೆಲೆ ಅಷ್ಟೇನೂ ಗಟ್ಟಿಯಿಲ್ಲ.

ಕನ್ನಡಕ್ಕೆ ತರುವಾಗ ಎರಡು ದಾರಿಗಳು ಸಾಮಾನ್ಯ. ಒಂದು, ‘ಆಮ್ಲೀಯತೆ’ ಎಂಬ ಪಠ್ಯಪುಸ್ತಕದ ಪದ. ಅದು ರಸಾಯನಶಾಸ್ತ್ರದ ಮಾಪನವನ್ನು ಹೇಳುತ್ತದೆಯೇ ಹೊರತು ನಾಲಗೆಯ ಅನುಭವವನ್ನಲ್ಲ. ಕಾಫಿಯ ಪಿಎಚ್ ಸುಮಾರು 5. ಆ ಅಳತೆಯಿಂದ ಎರಡು ತೋಟಗಳ ಕಾಫಿಗಳ ಹುಳಿಯ ಸೊಗಸು ಬೇರಾಗುವ ಬಗೆ ತಿಳಿಯುವುದಿಲ್ಲ. ಇನ್ನೊಂದು, ‘ಆಸಿಡಿಟಿ’ ಎಂಬ ಎರವಲನ್ನೇ ಇಟ್ಟುಕೊಳ್ಳುವುದು. ಇಲ್ಲಿನ ತೊಡಕು ಇನ್ನೂ ದೊಡ್ಡದು, ಏಕೆಂದರೆ ಈ ಪದ ಕನ್ನಡಕ್ಕೆ ಈಗಾಗಲೇ ಬಂದಾಗಿದೆ, ಬೇರೆ ಅರ್ಥದಲ್ಲಿ. ‘ನನಗೆ ಆಸಿಡಿಟಿ ಆಗಿದೆ’ ಎಂದರೆ ಎದೆಯುರಿ, ಹುಳಿತೇಗು. ‘ನಿಮ್ಮ ಕಾಫಿಯಲ್ಲಿ ಒಳ್ಳೆಯ ಆಸಿಡಿಟಿ ಇದೆ’ ಎಂಬ ಮೆಚ್ಚುಗೆ, ಕುಡಿದವರಿಗೆ ಹೊಟ್ಟೆ ಕೆಡುತ್ತದೆ ಎಂಬಂತೆ ಕೇಳಿಸುತ್ತದೆ. ಎರವಲು ಪದವೊಂದು ಮೂಲಭಾಷೆಯ ಒಂದು ಅರ್ಥವನ್ನು ಮಾತ್ರ ಹೊತ್ತುತಂದು ಉಳಿದವುಗಳಿಗೆ ಬಾಗಿಲು ಮುಚ್ಚುವುದಕ್ಕೆ ಇದು ಉತ್ತಮ ಉದಾಹರಣೆ.

4. ಹುಳಿಯ ನಾಲ್ಕು ವಿಧೇಯಗಳು

ಹಳಗನ್ನಡದ ‘ಪುಳಿ’ಯೇ ಇಂದಿನ ‘ಹುಳಿ’. ತಮಿಳು, ಮಲಯಾಳ, ತುಳುಗಳಲ್ಲಿ ಪಕಾರ ಉಳಿದಿದೆ. ಕರ್ನಾಟಕದೊಳಗೂ ಕರಾವಳಿಯ ಪುನರ್ಪುಳಿ, ಕೊಡಗಿನ ಕಾಚಂಪುಳಿಗಳಲ್ಲಿ ಹಳೆಯ ರೂಪ ಜೀವಂತವಾಗಿದೆ. ಈ ಪದವು ರುಚಿಯ ಹೆಸರು, ರುಚಿ ಕೊಡುವ ವಸ್ತುವಿನ ಹೆಸರು (‘ಸಾರಿಗೆ ಹುಳಿ ಹಿಂಡು’), ಅದರಿಂದಾದ ಅಡುಗೆಯ ಹೆಸರು (‘ಮಜ್ಜಿಗೆಹುಳಿ’), ಜೊತೆಗೆ ಕ್ರಿಯಾಧಾತುವೂ ಹೌದು (‘ಹಿಟ್ಟು ಹುಳಿಯಿತು’). ಗುಣವಾಚಕವೆಂಬ ವರ್ಗ ಭಾಷೆಯಿಂದ ಭಾಷೆಗೆ ಎಷ್ಟು ಬೇರೆಯಾಗಿರಬಲ್ಲುದೆಂಬುದನ್ನು ಡಿ.ಎನ್. ಶಂಕರ ಭಟ್ಟರು ತಮ್ಮ 1994ರ ಕೃತಿಯಲ್ಲಿ ವಿಸ್ತಾರವಾಗಿ ಚರ್ಚಿಸಿದ್ದಾರೆ. ‘ಹುಳಿ’ಯಂಥ ನಾಮಪದವು ವಿಧೇಯವಾಗಬೇಕಾದರೆ ಯಾವ ರಚನೆಯ ನೆರವು ಪಡೆಯುತ್ತದೆ ಎಂಬುದರಲ್ಲಿಯೇ ನಮ್ಮ ಪ್ರಶ್ನೆಗೆ ಉತ್ತರವಿದೆ. ಈ ವಾಕ್ಯಗಳನ್ನು ನೋಡಬಹುದು:

(1) ಮಾವಿನಕಾಯಿ ಹುಳಿ.
(2) ಸಾರಿನಲ್ಲಿ ಹುಳಿ ಇದೆ.
(3) ಸಾರು ಹುಳಿಯಾಗಿದೆ.
(4) ಹಿಟ್ಟು ಹುಳಿ ಬಂದಿದೆ.

ಕ್ರಿಯಾಪದವಿಲ್ಲದ (1) ಜಾತಿಯ ಲಕ್ಷಣವನ್ನು ಹೇಳುತ್ತದೆ. (2) ಅಧಿಕರಣ ವಿಭಕ್ತಿಯೊಂದಿಗೆ ಬಂದು ಹುಳಿಯನ್ನು ಒಂದು ಘಟಕವಾಗಿ ಕಾಣಿಸುತ್ತದೆ. ಘಟಕವಾದುದರಿಂದ ಅದನ್ನು ಅಳೆಯಬಹುದು: ‘ಹುಳಿ ಸಾಲದು’, ‘ಹುಳಿ ಮುಂದಾಯಿತು’, ‘ಹುಳಿ ಹದವಾಗಿದೆ’. ಈ ಮೂರನ್ನೂ (2)ರ ಮುಂದುವರಿಕೆಯಾಗಿ ಆಡಬಹುದು, (4)ರ ಮುಂದುವರಿಕೆಯಾಗಿ ‘ಸಾಲದು’ ಎಂದರೆ ಅರ್ಥವೇ ಬೇರೆಯಾಗುತ್ತದೆ: ಹಿಟ್ಟು ಇನ್ನಷ್ಟು ಹೊತ್ತು ಇರಬೇಕು ಎಂದಾಗುತ್ತದೆ, ಇನ್ನಷ್ಟು ಹುಳಿ ಹಾಕಬೇಕು ಎಂದಲ್ಲ. (4) ಕಾಲದಲ್ಲಿ ನಡೆದ ಬದಲಾವಣೆಯ ವರದಿ. ‘ನಿಂಬೆಹಣ್ಣು ಹುಳಿ ಬಂದಿದೆ’ ಎನ್ನುವುದಿಲ್ಲ, ಏಕೆಂದರೆ ನಿಂಬೆಗೆ ಹುಳಿ ಎಲ್ಲಿಂದಲೋ ಬರಬೇಕಾಗಿಲ್ಲ. ‘ಹಾಲಿನಲ್ಲಿ ಹುಳಿ ಇದೆ’ ಎಂದರೆ ಯಾರೋ ಅದಕ್ಕೆ ಹುಳಿ ಬೆರೆಸಿದ್ದಾರೆ ಎಂದಾಗುತ್ತದೆ, ಕೆಟ್ಟಿದೆ ಎಂದಲ್ಲ.

ತೊಡಕಿರುವುದು (3)ರಲ್ಲಿ. ‘ಹುಳಿಯಾಗಿದೆ’ ಎಂಬುದನ್ನು ಎರಡು ಬಗೆಯಾಗಿ ಬಿಡಿಸಬಹುದು. ‘ಆಗಿ’ ಎಂಬುದು ಕ್ರಿಯಾವಿಶೇಷಣ ಪ್ರತ್ಯಯವೆಂದುಕೊಂಡರೆ ಅದು ಈಗಿನ ಸ್ಥಿತಿಯ ವರ್ಣನೆ. ‘ಆಗು’ ಧಾತುವಿನ ಕೃದಂತಕ್ಕೆ ‘ಇದೆ’ ಸೇರಿದೆಯೆಂದುಕೊಂಡರೆ ಅದು ಆಗಿಹೋದ ಬದಲಾವಣೆ. ‘ಇನ್ನೂ’ ಎಂಬ ಅವ್ಯಯವನ್ನು ಸೇರಿಸಿದರೆ ಎರಡನೆಯ ಅರ್ಥ ಮಾತ್ರ ಉಳಿಯುತ್ತದೆ: ‘ಮಜ್ಜಿಗೆ ಇನ್ನೂ ಹುಳಿಯಾಗಿಲ್ಲ’ ಸಹಜ, ‘ನಿಂಬೆಹಣ್ಣು ಇನ್ನೂ ಹುಳಿಯಾಗಿಲ್ಲ’ ವಿಚಿತ್ರ. ದ್ವಿರುಕ್ತಿ ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಕೆಲಸಮಾಡುತ್ತದೆ. ‘ಹುಳಿಹುಳಿಯಾಗಿದೆ’ ಎಂದೊಡನೆ ಬದಲಾವಣೆಯ ಅರ್ಥ ಹಿಂದೆ ಸರಿದು, ತೀವ್ರತೆಯೂ ತಗ್ಗಿ, ಅನೇಕ ವೇಳೆ ಮೆಚ್ಚುಗೆಯ ಛಾಯೆ ಬರುತ್ತದೆ. ಕಿತ್ತಳೆಯನ್ನೋ ಅರೆಹಣ್ಣಾದ ಮಾವನ್ನೋ ಹಾಗೆನ್ನುವವರು ಇನ್ನೊಂದು ಹೋಳಿಗೆ ಕೈ ನೀಡುತ್ತಿರುತ್ತಾರೆ.

ಆರಂಭದ ವಾಕ್ಯಕ್ಕೆ ಈಗ ಮರಳಬಹುದು. ‘ಈ ಕಾಫಿ ಹುಳಿಯಾಗಿದೆ’ ಎಂಬುದು ಹಾಲಿನ ಕಡೆಗೆ ಅನುಮಾನ ಹುಟ್ಟಿಸುವುದಕ್ಕೆ ‘ಹುಳಿ’ ಎಂಬ ಪದ ಕಾರಣವಲ್ಲ. ರಚನೆಯು ದ್ವಂದ್ವಾರ್ಥದ್ದು, ಕಾಫಿಯು ಸ್ವಭಾವತಃ ಹುಳಿಯಲ್ಲವೆಂಬ ಲೋಕಜ್ಞಾನ ನಮ್ಮದು, ಹೀಗಾಗಿ ಕೇಳುಗರು ಬದಲಾವಣೆಯ ಅರ್ಥವನ್ನೇ ಆರಿಸಿಕೊಳ್ಳುತ್ತಾರೆ. ‘ಈ ಕಾಫಿಯಲ್ಲಿ ಕಿತ್ತಳೆಯ ಹುಳಿ ಇದೆ’ ಎಂದು ನೋಡಿ. ಕೇಳುಗರಿಗೆ ಬೆರಗಾಗಬಹುದು, ನಂಬಿಕೆ ಬಾರದಿರಬಹುದು. ಹಾಲಿನ ಪಾತ್ರೆಯನ್ನು ಮಾತ್ರ ಮೂಸಿನೋಡುವುದಿಲ್ಲ.

ಇಲ್ಲೊಂದು ಆಕ್ಷೇಪಕ್ಕೆ ಅವಕಾಶವಿದೆ. (4)ನ್ನು ದೋಷದ ರಚನೆ, (2)ನ್ನು ಗುಣದ ರಚನೆ ಎಂದು ಸರಳವಾಗಿ ಹೇಳಿಬಿಡಬಹುದೇ? ಸಾಧ್ಯವಿಲ್ಲ. ದೋಸೆಯ ಹಿಟ್ಟು ಹುಳಿ ಬಂದರೆ ಸಂತೋಷ, ಚಟ್ನಿ ಹುಳಿ ಬಂದರೆ ಚೆಲ್ಲಬೇಕು. ಈ ರಚನೆಗಳು ಮೌಲ್ಯವನ್ನು ಹೇಳುವುದಿಲ್ಲ; ಹುಳಿಯ ಮೂಲವನ್ನು ಹೇಳುತ್ತವೆ. ಇರುವ ಹುಳಿ ವಸ್ತುವಿನದು, ಬಂದ ಹುಳಿ ಪ್ರಕ್ರಿಯೆಯದು. ಮೌಲ್ಯವು ಆ ವಸ್ತುವಿನ ಬಗ್ಗೆ ನಮಗಿರುವ ನಿರೀಕ್ಷೆಯಿಂದ ಹುಟ್ಟುತ್ತದೆ. ಈ ಅಂಶದಲ್ಲಿ ಕನ್ನಡದ ವಿಂಗಡಣೆ ಇಂಗ್ಲಿಷಿನ ವೃತ್ತಿಭಾಷೆಯದಕ್ಕಿಂತ ಹೆಚ್ಚು ಉಪಯುಕ್ತವೆಂದೇ ನನ್ನ ಅಭಿಪ್ರಾಯ. ಖರೀದಿಸುವವರಿಗೆ ಹುಳಿ ಒಳ್ಳೆಯದೋ ಕೆಟ್ಟದೋ ಎಂದು ತಿಳಿದರೆ ಸಾಕು. ಬೆಳೆದವರಿಗೆ ಅದು ಎಲ್ಲಿಂದ ಬಂತೆಂದು ತಿಳಿಯಬೇಕು.

ಹಸಿರು ಬೀಜದ ವರ್ಗೀಕರಣದಲ್ಲಿ ಇದರ ಪರಿಣಾಮ ನೇರವಾಗಿ ಕಾಣುತ್ತದೆ. ಅಲ್ಲಿ ‘ಸವರ್’ ಬೀಜವೆಂದರೆ ಅತಿಯಾಗಿ ಹುದುಗಿ ಕೆಟ್ಟದ್ದು. ಪೂರ್ತಿ ಹುಳಿತ ಒಂದೇ ಬೀಜವೂ ಮೊದಲ ವರ್ಗದ ದೋಷ. 350 ಗ್ರಾಂ ಮಾದರಿಯಲ್ಲಿ ಆ ವರ್ಗದ ಒಂದು ದೋಷವಿದ್ದರೂ ಸ್ಪೆಷಾಲ್ಟಿ ದರ್ಜೆ ದಕ್ಕುವುದಿಲ್ಲ. ಅದನ್ನು ‘ಹುಳಿ ಬೀಜ’ ಎಂದೂ, ಅದೇ ವರದಿಯ ಕೆಳಗೆ ಹೊಗಳಿಕೆಯಾಗಿ ‘ಉತ್ತಮ ಹುಳಿ’ ಎಂದೂ ಬರೆದರೆ ಓದಿದವರು ಏನು ಮಾಡಬೇಕು? ಆದರೆ ಧಾತುವಿನ ಭೂತಕೃದಂತ ನಮ್ಮಲ್ಲಿ ಸಿದ್ಧವಾಗಿಯೇ ಇದೆ: ‘ಹುಳಿತ ಬೀಜ’. ಇದನ್ನು ಯಾವ ಕೂಲಿಯಾಳಿಗೂ ವಿವರಿಸಬೇಕಾಗಿಲ್ಲ. ಹುಳಿತದ್ದೆಂದರೆ ಹೊತ್ತುಮೀರಿ ಇಟ್ಟದ್ದು.

5. ಕಾಯಿಯ ಹುಳಿ, ಹಣ್ಣಿನ ಹುಳಿ, ಒಗರು

ಇರುವ ಹುಳಿಯೊಳಗೂ ಕನ್ನಡ ಇನ್ನೊಂದು ಗೆರೆ ಎಳೆಯುತ್ತದೆ. ಮಾಗದ ಫಲಕ್ಕೂ ಮಾಗಿದ ಫಲಕ್ಕೂ ‘ಕಾಯಿ’, ‘ಹಣ್ಣು’ ಎಂಬ ಎರಡು ಮೂಲಪದಗಳಿವೆ. ಹುಣಸೆಕಾಯಿಯ ಹುಳಿಯೂ ಹುಣಸೆಹಣ್ಣಿನ ಹುಳಿಯೂ ಒಂದೇ ಅಲ್ಲವೆಂದು ಅಡುಗೆ ಮಾಡುವ ಯಾರಾದರೂ ಹೇಳುತ್ತಾರೆ. ಮೊದಲನೆಯದು ಹಲ್ಲು ಚುಳ್ಳೆನ್ನಿಸುತ್ತದೆ, ಎರಡನೆಯದರ ಹಿಂದೆ ಸಿಹಿ ಇದೆ. ಲೈಟ್ ರೋಸ್ಟಿನ ಪರೀಕ್ಷಕರು ‘ರಸಭರಿತ’, ‘ಚುರುಕು’, ‘ಉಜ್ವಲ’ ಎಂದೆಲ್ಲ ಹೊಗಳುವುದು ಹಣ್ಣಿನ ಹುಳಿಯನ್ನು. ಬಲಿಯದ ಕಾಯಿಯನ್ನು ಹಣ್ಣಿನೊಡನೆ ಕೊಯ್ದಾಗಲೂ, ಬೀಜದ ಒಳಭಾಗಕ್ಕೆ ಉರಿ ಮುಟ್ಟುವ ಮೊದಲೇ ಹುರಿ ನಿಲ್ಲಿಸಿದಾಗಲೂ ಬಟ್ಟಲಿನಲ್ಲಿ ಕಾಣುವುದು ಕಾಯಿಯ ಹುಳಿಗೆ ಹತ್ತಿರವಾದುದು. ಈ ಎರಡನೆಯದಕ್ಕೆ ‘ಹಸಿ ವಾಸನೆ’ ಎಂಬ ಮಾತೂ ಇದೆ. ಬೇಯದ ಹಿಟ್ಟಿಗೆ, ಹುರಿಯದ ಸಾಂಬಾರಪುಡಿಗೆ ಬಳಸುವ ಈ ಮಾತು ಅರೆಹುರಿದ ಕಾಫಿಗೆ ಚೆನ್ನಾಗಿ ಒಪ್ಪುತ್ತದೆ. ಇಂಗ್ಲಿಷಿನವರು ಅಲ್ಲಿ ಹುಲ್ಲು, ಬಟಾಣಿ, ಧಾನ್ಯಗಳನ್ನು ನೆನೆಯುತ್ತಾರೆ. (‘ಉಜ್ವಲ’ವೆಂಬ ಹೊಗಳಿಕೆ ವಿಚಿತ್ರವೆನಿಸಿದರೆ ‘ರುಚಿ’ಯ ಸಂಸ್ಕೃತ ಧಾತುವನ್ನು ನೆನೆಯಬಹುದು. ಅದರ ಮೊದಲ ಅರ್ಥ ಹೊಳೆಯುವುದು.)

ಒಗರಿನ ವಿಷಯದಲ್ಲಿ ಕನ್ನಡಕ್ಕೆ ಸ್ಪಷ್ಟವಾದ ಅನುಕೂಲವಿದೆ. ಪಾಶ್ಚಾತ್ಯ ಸಂವೇದನಾಶಾಸ್ತ್ರವು ಅದನ್ನು ರುಚಿಯೆಂದು ಒಪ್ಪದೆ ಸ್ಪರ್ಶಾನುಭವವೆನ್ನುತ್ತದೆ: ಫೀನಾಲಿಕ್ ಸಂಯುಕ್ತಗಳು ಜೊಲ್ಲಿನ ಪ್ರೋಟೀನುಗಳಿಗೆ ಅಂಟಿಕೊಂಡು ಬಾಯಿ ಒಣಗಿದಂತಾಗುವುದು. ಷಡ್ರಸಗಳ ಎಣಿಕೆಯಲ್ಲಿ ಅದು ‘ಕಷಾಯ’ವೆಂಬ ರಸ. ‘ಕಷಾಯ’ವೆಂದರೆ ಕುದಿಸಿ ಇಳಿಸಿದ ಔಷಧವೂ ಹೌದು, ‘ಡಿಕಾಕ್ಷನ್’ ಎಂಬ ಇಂಗ್ಲಿಷ್ ಪದದ ಅರ್ಥವೂ ಅದೇ ಎಂಬುದು ನಮ್ಮ ಫಿಲ್ಟರಿನ ಮುಂದೆ ನಿಂತು ನೆನೆಯಬಹುದಾದ ಸಂಗತಿ. ದೇಶ್ಯವಾದ ‘ಒಗರು’ ಬಾಳೆಕಾಯಿ, ನೆಲ್ಲಿಕಾಯಿ, ಎಳೆಯ ಅಡಿಕೆಗಳ ಮೂಲಕ ಮಕ್ಕಳಿಗೂ ಪರಿಚಿತ. ಹೀಗಾಗಿ ಕನ್ನಡ ಭಾಷಿಕರು ಒಗರನ್ನು ಕಹಿಯೊಡನೆ ಬೆರೆಸಿಕೊಳ್ಳುವ ಸಂಭವ ಕಡಿಮೆಯೆಂದು ಊಹಿಸಬಹುದು; ಪ್ರಯೋಗದಿಂದ ಪರೀಕ್ಷಿಸಬಹುದಾದ ಊಹೆ ಇದು. ಕ್ಲೋರೊಜೆನಿಕ್ ಆಮ್ಲಗಳು ಹೆಚ್ಚಿರುವ ರೊಬಸ್ಟಾವನ್ನು ಲೈಟ್ ರೋಸ್ಟ್ ಮಾಡುವ ಪ್ರಯತ್ನಗಳಿಗೆ ಈ ಪದ ಬೇಕೇಬೇಕು.

‘ಬಾಡಿ’ ಎಂಬುದಕ್ಕೆ ‘ಗಟ್ಟಿ’ ಎಂಬ ಅನುವಾದ ಸಾಲದೆಂಬುದನ್ನು ಮಾತ್ರ ಇಲ್ಲಿ ಹೇಳಿ ಬಿಡುತ್ತೇನೆ; ಅದು ಸಾಂದ್ರತೆಯನ್ನೂ ಕಡುತನವನ್ನೂ ಬೆರೆಸುತ್ತದೆ.

6. ಯಾವ ಹಣ್ಣಿನ ಹೆಸರು?

ಪರೀಕ್ಷಕರ ಶಬ್ದಸಂಪತ್ತಿನ ಇನ್ನೊಂದು ಭಾಗ ಉಪಮಾನಗಳದು: ಮಲ್ಲಿಗೆ, ಬೆರ್ಗಮಾಟ್, ಬ್ಲೂಬೆರಿ. 1995ರ ಫ್ಲೇವರ್ ವೀಲ್ ಎಂಬ ಚಕ್ರವನ್ನು 2016ರಲ್ಲಿ ಪರಿಷ್ಕರಿಸಿದಾಗ ಅದಕ್ಕೆ ಆಧಾರವಾದದ್ದು ವರ್ಲ್ಡ್ ಕಾಫಿ ರಿಸರ್ಚ್ ಸಂಸ್ಥೆಗಾಗಿ ಕನ್ಸಾಸ್ ರಾಜ್ಯ ವಿಶ್ವವಿದ್ಯಾಲಯದಲ್ಲಿ ಸಿದ್ಧವಾದ 110 ಗುಣಗಳ ಪದಕೋಶ. ಪ್ರತಿ ಗುಣಕ್ಕೂ ಒಂದು ಆಕರವಸ್ತು, 0ರಿಂದ 15ರವರೆಗಿನ ತೀವ್ರತೆ. ಶಿಸ್ತು ಮೆಚ್ಚತಕ್ಕದ್ದು, ಆಕರವಸ್ತುಗಳಲ್ಲಿ ಅನೇಕವು ಅಮೆರಿಕದ ಅಂಗಡಿಯ ಡಬ್ಬಿಗಳು. ಬ್ಲೂಬೆರಿಯನ್ನು ತಿನ್ನದವರಿಗೆ ಆ ಪದವು ವರ್ಣನೆಯಲ್ಲ, ಕಂಠಪಾಠ.

ಇಂಥ ಮಾತು ಎಷ್ಟರಮಟ್ಟಿಗೆ ಸಂವಹನ, ಎಷ್ಟರಮಟ್ಟಿಗೆ ವೃತ್ತಿಯ ಲಾಂಛನ ಎಂಬ ಪ್ರಶ್ನೆಯನ್ನು ಏಡ್ರಿಯನ್ ಲೆಹ್ರರ್ ವೈನಿನ ಬಗ್ಗೆ 1983ರಲ್ಲಿಯೇ ಎತ್ತಿದ್ದರು. ಕ್ರೊಯ್ಮಾನ್ಸ್ ಮತ್ತು ಮಜೀದ್ 2016ರಲ್ಲಿ ನಡೆಸಿದ ಅಧ್ಯಯನದಲ್ಲಿ ವೈನ್ ತಜ್ಞರು ವೈನನ್ನು ವರ್ಣಿಸುವಾಗ ತಮ್ಮತಮ್ಮಲ್ಲಿ ಹೆಚ್ಚು ಒಮ್ಮತ ತೋರಿದರು. ಕಾಫಿ ತಜ್ಞರಿಗೆ ಕಾಫಿಯ ವಿಷಯದಲ್ಲಿ ಆ ಮೇಲುಗೈ ಇರಲಿಲ್ಲ. ಹಾಗಿರುವಾಗ ಹೆರಳೆಕಾಯಿ, ನೇರಳೆ, ದಾರೆಹುಳಿ, ಪುನರ್ಪುಳಿಗಳನ್ನು ಉಪಮಾನವಾಗಿ ಬಳಸುವುದರಿಂದ ನಷ್ಟವೇನೂ ಇಲ್ಲ. ಆದರೆ ಪಟ್ಟಿಗೆ ಪಟ್ಟಿ ಬದಲಿಸಿದ ಮಾತ್ರಕ್ಕೆ ಕನ್ನಡೀಕರಣ ಮುಗಿಯುವುದಿಲ್ಲ. ದೋಷದ ವಾಸನೆಗಳಿಗೆ ಕನ್ನಡದಲ್ಲಿ ಉಪಮಾನವೇ ಬೇಡದ ಪದಗಳಿವೆ: ಕಮಟು, ಮುಗ್ಗಲು, ಘಾಟು. ಇವು ಯಾವ ಒಂದು ವಸ್ತುವಿನ ಹೆಸರೂ ಅಲ್ಲ. ಜಹಾಯ್ ಭಾಷೆಯ ಅಮೂರ್ತ ಗಂಧಪದಗಳ ಬಗ್ಗೆ ಮಜೀದ್ ಮತ್ತು ಬುರೆನ್‌ಹುಲ್ಟ್ 2014ರಲ್ಲಿ ಬರೆದದ್ದನ್ನು ಓದಿದವರು ಈ ಕನ್ನಡದ ಗುಂಪನ್ನೂ ಗಮನಿಸಬೇಕು.

7. ನಮೂನೆಯ ವಾಕ್ಯಗಳು

2024ರಲ್ಲಿ ಅಂಗೀಕೃತವಾದ ಹೊಸ ಮೌಲ್ಯಮಾಪನ ಪದ್ಧತಿಯಲ್ಲಿ ವರ್ಣನೆ ಮತ್ತು ಮೆಚ್ಚುಗೆಗಳನ್ನು ಬೇರೆಬೇರೆ ಹಾಳೆಗಳಿಗೆ ಹಂಚಿದ್ದಾರೆ: ಹುಳಿ ಎಷ್ಟಿದೆ ಎಂಬುದು ಒಂದು ಕಡೆ, ಅದು ಎಷ್ಟು ಹಿಡಿಸಿತು ಎಂಬುದು ಇನ್ನೊಂದು ಕಡೆ. ಇದು ಕನ್ನಡಕ್ಕೆ ಅನುಕೂಲವೇ, ಏಕೆಂದರೆ ನಮ್ಮ ರಚನೆಗಳು ಮೊದಲಿನಿಂದಲೂ ಮೌಲ್ಯದಿಂದ ದೂರವಿದ್ದು ಮೂಲವನ್ನು ಹೇಳುತ್ತಿವೆ. ಕನ್ನಡದಲ್ಲಿ ನಮೂನೆ ಸಿದ್ಧಪಡಿಸುವವರು ‘ಆಮ್ಲೀಯತೆ’ ಎಂಬ ಶೀರ್ಷಿಕೆಯ ಕೆಳಗೆ ಅಂಕವನ್ನು ಕೇಳುವ ಬದಲು ವಾಕ್ಯಗಳನ್ನೇ ಕೊಡಬಹುದು: ‘ಇದರಲ್ಲಿ … ಹಣ್ಣಿನ ಹುಳಿ ಇದೆ’, ‘ಇದರಲ್ಲಿ ಕಾಯಿಯ ಹುಳಿ ಇದೆ’, ‘ಇದು ಹುಳಿ ಬಂದಿದೆ’. ಮೊದಲನೆಯದಕ್ಕೆ ಗುರುತು ಬಿದ್ದರೆ ಕಣದಲ್ಲಿ ಏನನ್ನೂ ಬದಲಿಸಬೇಕಾಗಿಲ್ಲ. ಎರಡನೆಯದು ಕೊಯ್ಲಿನ ಕಡೆಗೆ ಅಥವಾ ಹುರಿಯುವವರ ಕಡೆಗೆ ಬೆರಳು ತೋರಿಸುತ್ತದೆ. ಮೂರನೆಯದು ತೊಟ್ಟಿಯ ಕಡೆಗೆ, ಒಣಗಿಸುವ ಅಂಗಳದ ಕಡೆಗೆ. ‘ಹುಳಿಯಾಗಿದೆ’ ಎಂಬ ರೂಪವನ್ನು ನಮೂನೆಯಿಂದ ಪೂರ್ತಿಯಾಗಿ ಹೊರಗಿಡಬೇಕು.

ಈ ಹಂಚಿಕೆಗೆ ಸವಾಲಾಗಿ ನಿಲ್ಲುವುದು ಇತ್ತೀಚಿನ ವರ್ಷಗಳ ಗಾಳಿರಹಿತ ಹುದುಗುವಿಕೆಯ ಕಾಫಿಗಳು. ಅಲ್ಲಿ ಬೆಳೆಗಾರರು ಹಣ್ಣನ್ನು ಮುಚ್ಚಿದ ಪೀಪಾಯಿಗಳಲ್ಲಿ ಬೇಕೆಂದೇ ಹುದುಗಿಸುತ್ತಾರೆ. ಬಟ್ಟಲಿನಲ್ಲಿ ಸಿಗುವ ಹುಳಿಯ ಒಂದು ಭಾಗ ಬಂದದ್ದೇ ಹೊರತು ಇದ್ದದ್ದಲ್ಲ, ಆದರೂ ಅದು ದೋಷವಲ್ಲ. ದೋಸೆಹಿಟ್ಟಿನ ಪ್ರಕರಣ ಇಲ್ಲಿ ಮರಳಿ ಬರುತ್ತದೆ, ಅದರೊಡನೆ ಪ್ರೇರಣಾರ್ಥಕವೂ. ತಾನಾಗಿ ಕೆಟ್ಟದ್ದು ‘ಹುಳಿತ’ ಕಾಫಿಯಾದರೆ, ಇದು ‘ಹುಳಿಸಿದ’ ಕಾಫಿ. ಒಂದು ಪ್ರತ್ಯಯದ ಅಂತರದಲ್ಲಿ ಕರ್ತೃವೊಬ್ಬರು ವಾಕ್ಯದೊಳಗೆ ಬಂದು ನಿಲ್ಲುತ್ತಾರೆ. ಪೀಪಾಯಿಯ ಮುಚ್ಚಳವನ್ನು ಯಾವ ಗಂಟೆಗೆ ತೆರೆಯಬೇಕೆಂದು ತೀರ್ಮಾನಿಸಿದವರು ಅವರೇ.